ದನಿ ತಡವಾಗಿ ಬರುವ ಹಾಡುಗಳು

ನಮ್ಮ ಮನೆಯ ಟೇಪ್ ರೆಕಾರ್ಡರ್ ಸರಿಯಿಲ್ಲವೆಂದು ನಾನು ಸುಮಾರು ಹತ್ತು ವರ್ಷ ನಂಬಿಕೊಂಡಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನಲ್ಲಿ ಓದುತ್ತಿದ್ದ ದೊಡ್ಡಪ್ಪನ ಮಗ ರಜೆಗೆಂದು ದಾವಣಗೆರೆಗೆ ಬಂದವನು ಹೋಗುವಾಗ ಒಂದು ಕ್ಯಾಸೆಟ್ಟನ್ನು ಮರೆತುಹೋದ. ಅದರ ಒಂದು ಬದಿಯಲ್ಲಿ ಬೇರೆ ಬೇರೆಯವರ ಹಾಡುಗಳಿದ್ದವು. ಇನ್ನೊಂದು ಬದಿ ಪೂರ್ತಿಯಾಗಿ ‘ದಿ ಕ್ಯೂರ್’ ಎಂಬ ಇಂಗ್ಲಿಷ್ ಬ್ಯಾಂಡಿನದು. ಆ ಬದಿಯಲ್ಲಿ ನನಗೆ ಮೊದಲು ಹಿಡಿಸಿದ ಹಾಡು ‘ಫ್ರೈಡೇ ಐ ಆಮ್ ಇನ್ ಲವ್’. ಅಜ್ಜನಿಂದ ಅಷ್ಟಿಷ್ಟು ಪೇಟಿ ನುಡಿಸಲು ಕಲಿತಿದ್ದ ನಾನು ಆ ಹಾಡಿನ ಜೊತೆ ನುಡಿಸಲು ಕುಳಿತರೆ ಶ್ರುತಿ ಎಲ್ಲಿಯೂ ಕೂಡುತ್ತಿರಲಿಲ್ಲ. ಬಿಳಿ ಎರಡನ್ನು ಹಿಡಿದರೆ ಹಾಡು ಕೊಂಚ ಮೇಲಿರುತ್ತಿತ್ತು, ಕಪ್ಪು ಎರಡನ್ನು ಹಿಡಿದರೆ ಕೊಂಚ ಕೆಳಗಿರುತ್ತಿತ್ತು. ಬೆಲ್ಟ್ ಕೆಟ್ಟು ವೇಗ ತಪ್ಪಿದೆ ಎಂದು ತೀರ್ಮಾನಿಸಿ, ಆ ಯಂತ್ರವನ್ನು ಎರಡು ಬಾರಿ ರಿಪೇರಿಗೆ ಹೊತ್ತುಕೊಂಡು ಹೋದೆ. ಎರಡನೆಯ ಸಲ ರಿಪೇರಿಯವರು ಬೆಲ್ಟನ್ನು ಬೆರಳಿಗೆ ಸುತ್ತಿ ತೋರಿಸಿ, ‘ಇದಕ್ಕೇನೂ ಆಗಿಲ್ಲ, ನಿಮ್ಮ ಕಿವಿಗೇ ಏನೋ ಆಗಿದೆ’ ಎಂದರು.

ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಾಗಿತ್ತು. ಆ ಹಾಡು 1992ರ ‘ವಿಶ್’ ಆಲ್ಬಮ್ಮಿನದು, ಆಕ್ಸ್‌ಫರ್ಡ್‌ಷೈರಿನ ‘ದಿ ಮ್ಯಾನರ್’ ಎಂಬ ಸ್ಟುಡಿಯೋದಲ್ಲಿ ರೆಕಾರ್ಡ್ ಆದದ್ದು. ಟೇಪಿನ ವೇಗವನ್ನು ಏರಿಳಿಸುವ ‘ವೇರಿಸ್ಪೀಡ್’ ಎಂಬ ಸಾಧನವೊಂದು ಅಂಥ ಸ್ಟುಡಿಯೋಗಳಲ್ಲಿರುತ್ತಿತ್ತು. ಬ್ಯಾಂಡಿನ ಹಾಡುಗಾರ, ಗಿಟಾರ್ ವಾದಕ, ಬಹುಪಾಲು ಹಾಡುಗಳ ಕರ್ತೃವೂ ಆದ ರಾಬರ್ಟ್ ಸ್ಮಿತ್ ಅದನ್ನು ಬಳಸಿದ ಮೇಲೆ ಮೊದಲಿನ ಸ್ಥಿತಿಗೆ ತರಲು ಮರೆತುಬಿಟ್ಟ. ಹಾಗಾಗಿ ನುಡಿಸಿದ್ದಕ್ಕಿಂತ ಸುಮಾರು ಕಾಲು ಸ್ವರದಷ್ಟು ಏರಿದ ಶ್ರುತಿಯಲ್ಲಿಯೇ ಆ ಹಾಡು ಲೋಕಕ್ಕೆ ಹೋಯಿತು. ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ, ಪೇಟಿಯಲ್ಲಿ ಮನೆಯೇ ಇಲ್ಲದ ಜಾಗದಲ್ಲಿ ಅದು ನಿಂತಿದೆ. ಇದನ್ನು ಓದಿ ತಿಳಿಯುವ ಹೊತ್ತಿಗೆ ನಮ್ಮ ಟೇಪ್ ರೆಕಾರ್ಡರ್ ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು.

ಈ ಬ್ಯಾಂಡಿನ ಹಾಡುಗಳನ್ನು ಕೇಳುವವರು ಸಾಮಾನ್ಯವಾಗಿ ಅವನ್ನು ಎರಡು ರಾಶಿ ಮಾಡುತ್ತಾರೆ. ‘ಫ್ರೈಡೇ’, ‘ದಿ ಲವ್‌ಕ್ಯಾಟ್ಸ್’, ‘ಜಸ್ಟ್ ಲೈಕ್ ಹೆವನ್’ ಮುಂತಾದ ಜನಪ್ರಿಯ, ಹಗುರ, ನಗುಮುಖದ ಹಾಡುಗಳದ್ದು ಒಂದು ರಾಶಿ. ‘ಗೋಥಿಕ್’ ಎಂಬ ಹಣೆಪಟ್ಟಿ ಹೊತ್ತ, ಕತ್ತಲೆಯ, ಉದ್ದುದ್ದ ಹಾಡುಗಳದ್ದು ಇನ್ನೊಂದು. ಮೊದಲನೆಯದು ಹಣಕ್ಕೆ, ಎರಡನೆಯದು ಮನಸ್ಸಿಗೆ ಎಂಬ ಧಾಟಿಯಲ್ಲಿ ಮಾತನಾಡುವವರೂ ಇದ್ದಾರೆ. ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ಎರಡೂ ರಾಶಿಯ ಒಳ್ಳೆಯ ಹಾಡುಗಳು ಒಂದೇ ಕೈಯ ಕೆಲಸ, ಮತ್ತು ಆ ಕೈಯ ಗುರುತು ಕಾಣುವುದು ಸ್ಮಿತ್ ಹಾಡತೊಡಗಿದ ಮೇಲಲ್ಲ, ಅದಕ್ಕೆ ಮುಂಚೆ. ದನಿಯನ್ನು ತಡೆದು ನಿಲ್ಲಿಸಿ, ಅದು ಬರುವ ಜಾಗವನ್ನು ವಾದ್ಯಗಳಿಂದ ಮೊದಲು ಕಟ್ಟುವ ವಿದ್ಯೆಯನ್ನು ಇವರಷ್ಟು ಪಟ್ಟುಹಿಡಿದು ಅಭ್ಯಾಸ ಮಾಡಿದ ಇನ್ನೊಂದು ರಾಕ್ ಬ್ಯಾಂಡನ್ನು ನಾನು ಕೇಳಿಲ್ಲ.

ಇದು ನನಗೆ ಬೇಗ ಹೊಳೆಯಲು ಕಾರಣ ಅಜ್ಜ. ದಾವಣಗೆರೆ ನಾಟಕದ ಊರು. ಚಿಂದೋಡಿ ಲೀಲಾ ಅವರ ಮನೆತನದ ಕಂಪನಿಯ ಹೆಸರು ಇಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ಇದೆ. ಅಜ್ಜ ಕಂಪನಿಗೆ ಸೇರಿದವನಲ್ಲ, ಹತ್ತಿಯ ಗಿರಣಿಯಲ್ಲಿ ಪಾಳಿ ಮುಗಿಸಿ ಸುತ್ತಲಿನ ಹಳ್ಳಿಗಳ ಹವ್ಯಾಸಿ ನಾಟಕಗಳಿಗೆ ಪೇಟಿ ಮಾಸ್ತರನಾಗಿ ಹೋಗುತ್ತಿದ್ದವನು. ರಾಜನ ಪಾತ್ರ ರಂಗಕ್ಕೆ ಬರುವ ಮುನ್ನ ಪೇಟಿ ಎಷ್ಟು ಹೊತ್ತು ನುಡಿಯಬೇಕು ಎಂಬುದರ ಬಗ್ಗೆ ಅವನಿಗೆ ಖಚಿತ ಅಭಿಪ್ರಾಯಗಳಿದ್ದವು. ಬೇಗ ಬಂದ ರಾಜ ಗುಮಾಸ್ತನ ಹಾಗೆ ಕಾಣುತ್ತಾನೆ ಎನ್ನುತ್ತಿದ್ದ. ಕ್ಯಾಸೆಟ್ಟಿನ ಆ ಬದಿಯನ್ನು ಅವನಿಗೆ ಒಮ್ಮೆ ಕೇಳಿಸಿದಾಗ, ಭಾಷೆಯ ಒಂದಕ್ಷರವೂ ತಿಳಿಯದ ಅವನು ಕಣ್ಣು ಮುಚ್ಚಿ ಕೇಳಿ, ‘ಇವನು ಒಳ್ಳೇ ಹೊತ್ತಿಗೆ ಪ್ರವೇಶ ಮಾಡ್ತಾನೆ’ ಎಂದಷ್ಟೇ ಹೇಳಿದ. ಕ್ಯಾಸೆಟ್ಟಿನ ಹೊದಿಕೆಯ ಮೇಲಿದ್ದ ಸ್ಮಿತ್‌ನ ಚಿತ್ರ, ಆ ಕೆದರಿದ ಕೂದಲು, ಕಣ್ಣಿನ ಸುತ್ತ ಕಾಡಿಗೆ, ತುಟಿ ಮೀರಿದ ಲಿಪ್‌ಸ್ಟಿಕ್ಕು, ಇವು ಅಮ್ಮನಿಗೆ ಮಾತ್ರ ಸಮಸ್ಯೆಯಾದವು. ಬಯಲಾಟ ಮುಗಿಸಿ ಬಣ್ಣ ತೊಳೆಯುವುದನ್ನೇ ಮರೆತವನ ಹಾಗಿದ್ದಾನೆ ಎಂದಳು. ಅಂದಹಾಗೆ, ಗೋಥಿಕ್ ಎಂಬ ಹಣೆಪಟ್ಟಿಯನ್ನು ಸ್ಮಿತ್ ಎಂದೂ ಒಪ್ಪಿಕೊಂಡವನಲ್ಲ.

ಬ್ಯಾಂಡು ಹುಟ್ಟಿದ್ದು ಇಂಗ್ಲೆಂಡಿನ ದಕ್ಷಿಣ ಭಾಗದ ಕ್ರಾಲಿ ಎಂಬ ಊರಿನಲ್ಲಿ. ಎರಡನೆಯ ಮಹಾಯುದ್ಧದ ನಂತರ ಯೋಜನೆ ಹಾಕಿ ಬೆಳೆಸಿದ, ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಮಗ್ಗುಲಿನ ಊರು ಅದು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡ ಊರಿನಲ್ಲಿ ಹುಟ್ಟಿದ ನಾನು ನ್ಯಾಯವಾಗಿ ಮ್ಯಾಂಚೆಸ್ಟರಿನ ಬ್ಯಾಂಡುಗಳಿಗೆ ಮರುಳಾಗಬೇಕಿತ್ತು, ಏನೋ ತಪ್ಪಿ ಕ್ರಾಲಿಗೆ ಒಲಿದೆ. ಶಾಲೆಯ ಗೆಳೆಯರು 1976ರಲ್ಲಿ ‘ಮ್ಯಾಲಿಸ್’ ಎಂದು ಆರಂಭಿಸಿ, ‘ಈಸಿ ಕ್ಯೂರ್’ ಆಗಿ, 1978ರಲ್ಲಿ ‘ದಿ ಕ್ಯೂರ್’ ಆದರು. ಅಂದಿನಿಂದ ಇಂದಿನವರೆಗೆ ಬಿಡದೆ ಇರುವವನು ಸ್ಮಿತ್ ಒಬ್ಬನೇ. ಬೇಸ್ ಗಿಟಾರಿನ ಸೈಮನ್ ಗ್ಯಾಲಪ್ 1979ರಲ್ಲಿ ಬಂದು, ನಡುವೆ ಕೆಲಕಾಲ ದೂರ ಹೋಗಿ, ಮತ್ತೆ ಬಂದು ನೆಲೆ ನಿಂತ.

ಆರಂಭದ ದಿನಗಳ ‘ಬಾಯ್ಸ್ ಡೋಂಟ್ ಕ್ರೈ’ ಇಂದು ಟೀ ಶರ್ಟುಗಳ ಮೇಲೆಲ್ಲ ಕಾಣುವಷ್ಟು ಪ್ರಸಿದ್ಧವಾದರೂ, 1979ರಲ್ಲಿ ಬಿಡುಗಡೆಯಾದಾಗ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ; 1986ರಲ್ಲಿ ದನಿಯನ್ನು ಹೊಸದಾಗಿ ಹಾಡಿ ಮತ್ತೆ ಹೊರತಂದಾಗಲೇ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 22ನೆಯ ಸ್ಥಾನಕ್ಕೆ ಏರಿದ್ದು. ಅಳಬಾರದೆಂದು ಕಲಿಸಲ್ಪಟ್ಟ ಹುಡುಗನೊಬ್ಬ ಅಳುವನ್ನು ನುಂಗಿಕೊಳ್ಳುವ ಆ ಹಾಡು ಎರಡೂವರೆ ನಿಮಿಷಗಳಲ್ಲಿ ಮುಗಿಯುತ್ತದೆ. ಚೆನ್ನಾಗಿದೆ, ಆದರೆ ನಾನು ಹೇಳುತ್ತಿರುವ ವಿದ್ಯೆ ಅದರಲ್ಲಿನ್ನೂ ಇಲ್ಲ. ಅದು ಮೊದಲು ಕಾಣುವುದು 1980ರ ‘ಎ ಫಾರೆಸ್ಟ್’ನಲ್ಲಿ. ‘ಸೆವೆಂಟೀನ್ ಸೆಕೆಂಡ್ಸ್’ ಆಲ್ಬಮ್ಮಿನ ಈ ಹಾಡು 31ನೆಯ ಸ್ಥಾನ ತಲುಪಿ, ಬ್ರಿಟನ್ನಿನ ಮೊದಲ ನಲವತ್ತರೊಳಗೆ ಬ್ಯಾಂಡಿಗೆ ಮೊದಲ ಪ್ರವೇಶ ಕೊಟ್ಟಿತು. ಆಲ್ಬಮ್ಮಿನಲ್ಲಿ ಅದು ಸುಮಾರು ಆರು ನಿಮಿಷ. ಮೊದಲು ನಿಧಾನಗತಿಯ ಗಿಟಾರು ಮತ್ತು ಕೀಬೋರ್ಡಿನ ಮಂಜು, ಆಮೇಲೆ ಯಂತ್ರದ ಹಾಗೆ ಏಕಪ್ರಕಾರವಾಗಿ ಓಡುವ ಡ್ರಮ್ಮು ಮತ್ತು ಬೇಸ್, ಇವೆಲ್ಲವೂ ಒಂದು ದಾರಿಯನ್ನು ಹಾಸಿದ ಮೇಲೆ ಸ್ಮಿತ್‌ನ ದನಿ ದೂರದಿಂದ ಬರುತ್ತದೆ. ಕಾಡಿನಲ್ಲಿ ಹುಡುಗಿಯೊಬ್ಬಳ ದನಿಯ ಬೆನ್ನು ಹತ್ತಿ ಹೋದವನು ಅಲ್ಲಿ ಯಾರೂ ಇಲ್ಲವೆಂದು ಅರಿಯುವ ಹಾಡು ಇದು. ಕೊನೆಯಲ್ಲಿ ವಾದ್ಯಗಳು ಒಂದೊಂದಾಗಿ ಹಿಂದೆ ಸರಿದು, ಬೇಸ್ ಗಿಟಾರೊಂದೇ ಉಳಿದು, ಅದೂ ನಿಲ್ಲುತ್ತದೆ.

ನಾನು ಈ ಹಾಡನ್ನು ಅತಿ ಹೆಚ್ಚು ಕೇಳಿದ್ದು ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ. ಎರಡು ವರ್ಷ ಕೆಲಸದ ನಿಮಿತ್ತ ವಾರಕ್ಕೆ ಎರಡು ಸಲ ಆ ಅರವತ್ತು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಾಡಿದ್ದೇನೆ. ಕಾಡು ಎಂಬ ಹೆಸರಿನ ಹಾಡಿಗೆ ಬಯಲುಸೀಮೆಯ ಈ ದಾರಿ ಒದಗಿಸುತ್ತಿದ್ದದ್ದು ಜಾಲಿ ಮರಗಳು, ಮೆಕ್ಕೆಜೋಳದ ಹೊಲಗಳು, ದುರ್ಗ ಹತ್ತಿರವಾದಂತೆ ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಕಾಡೇ ಇಲ್ಲವೆಂಬುದು ಹಾಡಿಗೆ ಕೊರತೆಯೆನಿಸಲಿಲ್ಲ. ಆ ಹಾಡಿನಲ್ಲಿಯೂ ಕಾಡಿನ ವರ್ಣನೆಯಿಲ್ಲ, ಒಂದು ಮರದ ಹೆಸರೂ ಇಲ್ಲ; ಇರುವುದು ಓಟ ಮಾತ್ರ. ರೆಕ್ಕೆಗಳು ಒಂದೇ ಲಯದಲ್ಲಿ ತಿರುಗುತ್ತಿದ್ದಾಗ ಬೇಸ್ ಗಿಟಾರು ಅದಕ್ಕೆ ತಾನಾಗಿ ಹೊಂದಿಕೊಳ್ಳುತ್ತಿತ್ತು.

ಅದರ ನಂತರದ ‘ಫೇತ್’ ಮತ್ತು 1982ರ ‘ಪೋರ್ನೋಗ್ರಫಿ’ ಆಲ್ಬಮ್ಮುಗಳ ಕತ್ತಲೆಯನ್ನು ಹೊಗಳುವವರು ಬಹಳ. ನಾನು ಅವನ್ನು ಗೌರವಿಸುತ್ತೇನೆ, ಮತ್ತೆ ಮತ್ತೆ ಕೇಳುವುದಿಲ್ಲ. ಆ ಕತ್ತಲೆಯಲ್ಲಿ ಬ್ಯಾಂಡೇ ಒಡೆದುಹೋಗುವ ಸ್ಥಿತಿಗೆ ಬಂದು, ಗ್ಯಾಲಪ್ ಹೊರಗೆ ಹೋದ. ಉಳಿದ ಸ್ಮಿತ್ ಮತ್ತು ಲಾಲ್ ಟಾಲ್‌ಹರ್ಸ್ಟ್ ಸೇರಿ ಬೇಕೆಂದೇ ಅದಕ್ಕೆ ತೀರಾ ವಿರುದ್ಧವಾದ ಹಾಡುಗಳನ್ನು ಮಾಡಿದರು: 1982ರ ‘ಲೆಟ್ಸ್ ಗೋ ಟು ಬೆಡ್’, 1983ರ ‘ದಿ ವಾಕ್’, ಅದೇ ವರ್ಷದ ‘ದಿ ಲವ್‌ಕ್ಯಾಟ್ಸ್’. ಪ್ಯಾರಿಸ್ಸಿನಲ್ಲಿ ರೆಕಾರ್ಡ್ ಆದ ಕೊನೆಯದು ಏಳನೆಯ ಸ್ಥಾನಕ್ಕೇರಿ, ಬ್ರಿಟನ್ನಿನ ಮೊದಲ ಹತ್ತರಲ್ಲಿ ಅವರು ಕಂಡ ಮೊದಲ ಹಾಡಾಯಿತು. ಅದರಲ್ಲಿ ಫಿಲ್ ಥಾರ್ನಲಿ ನುಡಿಸಿದ ಡಬಲ್ ಬೇಸ್ ಬೆಕ್ಕಿನ ಹೆಜ್ಜೆಯ ಹಾಗೆ ನಡೆಯುತ್ತದೆ. ನನ್ನ ಮಟ್ಟಿಗೆ ಆ ಹಾಡಿನಲ್ಲಿ ಉಳಿದಿರುವುದು ಆ ಹೆಜ್ಜೆಯೇ.

1985ರ ‘ದಿ ಹೆಡ್ ಆನ್ ದಿ ಡೋರ್’ ಹೊತ್ತಿಗೆ ಎರಡೂ ದಾರಿಗಳು ಕೂಡಿದವು. ‘ಇನ್ ಬಿಟ್ವೀನ್ ಡೇಸ್’ ಕುದುರೆ ಓಡಿದ ಹಾಗೆ ಓಡುವ ಅಕೂಸ್ಟಿಕ್ ಗಿಟಾರಿನ ಹಾಡು. ಮಾತುಗಳನ್ನು ಬಿಡಿಸಿ ನೋಡಿದರೆ ತಾನೇ ಕಳೆದುಕೊಂಡವಳನ್ನು ಮರಳಿ ಬಾ ಎಂದು ಬೇಡುವವನ ಗೋಳು. ‘ಕ್ಲೋಸ್ ಟು ಮಿ’ ಚಪ್ಪಾಳೆ, ಉಸಿರು ಮತ್ತು ಒಂದು ಪುಟ್ಟ ಕೀಬೋರ್ಡ್ ವರಸೆಯ ಮೇಲೆ ನಿಂತಿದೆ. ಎಷ್ಟು ಕಡಿಮೆ ಸಾಮಾನು ಎಂದು ಪ್ರತಿ ಸಲವೂ ಅಚ್ಚರಿಯಾಗುತ್ತದೆ. ಅದರ ವಿಡಿಯೋವನ್ನು ಟಿಮ್ ಪೋಪ್ ನಿರ್ದೇಶಿಸಿದ: ಬೀಚಿ ಹೆಡ್ ಎಂಬ ಕಡಲಂಚಿನ ಸುಣ್ಣಕಲ್ಲಿನ ಕಡಿದಾದ ಬಂಡೆಯ ಮೇಲೆ ಒಂದು ಬಟ್ಟೆಯ ಬೀರು, ಅದರೊಳಗೆ ಐವರೂ ತುರುಕಿಕೊಂಡು ನುಡಿಸುತ್ತಿರುವಾಗ ಬೀರು ಉರುಳಿ ಸಮುದ್ರಕ್ಕೆ ಬೀಳುತ್ತದೆ. ಬೀರುವಿನೊಳಗಿನ ಗಾಳಿಯಿಲ್ಲದ ಇಕ್ಕಟ್ಟು ಹಾಡಿನಲ್ಲಿಯೇ ಇದೆ. ಸ್ಮಿತ್ ಬಾಯಿ ತೆರೆಯುವ ಮುಂಚೆಯೇ ಅವನ ಉಸಿರು ಕೇಳಿಸುತ್ತದೆ.

ಈಗ ‘ಜಸ್ಟ್ ಲೈಕ್ ಹೆವನ್’. ಈ ಬ್ಯಾಂಡಿನ ಒಂದೇ ಹಾಡನ್ನು ಯಾರಿಗಾದರೂ ಕೇಳಿಸಬೇಕಾದರೆ ನಾನು ಇದನ್ನು ಆರಿಸುತ್ತೇನೆ. 1987ರ ‘ಕಿಸ್ ಮಿ, ಕಿಸ್ ಮಿ, ಕಿಸ್ ಮಿ’ ಆಲ್ಬಮ್ಮಿಗಾಗಿ ಫ್ರಾನ್ಸಿನ ದಕ್ಷಿಣದ ಮಿರಾವಾಲ್ ಸ್ಟುಡಿಯೋದಲ್ಲಿ ಇದು ರೆಕಾರ್ಡ್ ಆಯಿತು. ಸ್ವಾರಸ್ಯವೆಂದರೆ, ಮಾತುಗಳು ಹುಟ್ಟುವ ಮುಂಚೆಯೇ ಇದರ ವಾದ್ಯಸಂಗೀತವನ್ನು ಸ್ಮಿತ್ ‘ಲೆಝಾಂಫಾಂ ದ್ಯು ರಾಕ್’ ಎಂಬ ಫ್ರೆಂಚ್ ಟಿವಿ ಕಾರ್ಯಕ್ರಮದ ಆರಂಭ ಸಂಗೀತವಾಗಿ ಕೊಟ್ಟುಬಿಟ್ಟಿದ್ದ. ಅಂದರೆ ಈ ಹಾಡು ಸ್ವಲ್ಪ ಕಾಲ ದನಿಯಿಲ್ಲದೆಯೇ ಬದುಕಿತ್ತು, ಮತ್ತು ಬದುಕಬಲ್ಲುದಾಗಿತ್ತು. ಬೋರಿಸ್ ವಿಲಿಯಮ್ಸ್‌ನ ಡ್ರಮ್ಮಿನ ಒಂದು ಹೊಡೆತದಿಂದ ಬೇಸ್ ಜೊತೆಗೂಡಿ ಆರಂಭ. ಕೆಲವು ಆವರ್ತ ಕಳೆದ ಮೇಲೆ ತಾಳದ ಗಿಟಾರು ಸೇರುತ್ತದೆ. ಮತ್ತೆ ಕೆಲವು ಆವರ್ತಕ್ಕೆ ಕೀಬೋರ್ಡಿನ ತಂತಿವಾದ್ಯದ ದನಿ ಹಿಂದಿನಿಂದ ಹರಡುತ್ತದೆ. ಕೊನೆಗೆ ಮೇಲಿನಿಂದ ಮೆಟ್ಟಿಲಿಳಿದು ಬರುವ ಆ ಗಿಟಾರಿನ ಎಳೆ, ಒಮ್ಮೆ ಕೇಳಿದರೆ ಸಾಯುವ ತನಕ ಮರೆಯದಂಥದ್ದು. ಒಬ್ಬೊಬ್ಬರನ್ನೇ ಮನೆಗೆ ಕರೆದು ಕೂರಿಸಿದ ಹಾಗೆ ಎಲ್ಲ ವಾದ್ಯಗಳೂ ಬಂದು ಕುಳಿತ ಮೇಲೆ, ಮುಕ್ಕಾಲು ನಿಮಿಷ ಕಳೆದು, ಸ್ಮಿತ್ ಪ್ರವೇಶಿಸುತ್ತಾನೆ. ಮೂರೂವರೆ ನಿಮಿಷದ ಜನಪ್ರಿಯ ಹಾಡಿಗೆ ಮುಕ್ಕಾಲು ನಿಮಿಷ ಸಣ್ಣ ಅವಧಿಯಲ್ಲ. ಅಜ್ಜ ಹೇಳುತ್ತಿದ್ದ ರಾಜನ ಲೆಕ್ಕ ಇಲ್ಲಿ ಸರಿಯಾಗಿ ಕೂಡುತ್ತದೆ.

ಹಾಡಿನ ಹಿಂದೆ ಅದೇ ಬೀಚಿ ಹೆಡ್ ಇದೆ. ಪ್ರೇಯಸಿ ಮೇರಿ ಪೂಲ್ ಜೊತೆಗಿನ ಅಲ್ಲಿಯ ನೆನಪಿನಿಂದ ಇದು ಹುಟ್ಟಿತೆಂದು ಸ್ಮಿತ್ ಹೇಳಿದ್ದಾನೆ. ವಿಡಿಯೋದಲ್ಲಿ ಬಿಳಿಯುಡುಗೆಯಲ್ಲಿ ಅವನ ಜೊತೆ ತಿರುಗುತ್ತ ನರ್ತಿಸುವವಳು ಆಕೆಯೇ. ಹಾಡಿನ ಕೊನೆಗೆ ಅವಳು ಇರುವುದಿಲ್ಲ, ಕಡಲು ಅವಳನ್ನು ಒಯ್ದಿರುತ್ತದೆ, ಅವನು ಒಬ್ಬನೇ ಎಚ್ಚರಗೊಳ್ಳುತ್ತಾನೆ. ಮದುವೆಯ ಸಮಾರಂಭಗಳಲ್ಲಿ ಈ ಹಾಡನ್ನು ಹಾಕುವವರು ಕೊನೆಯ ಚರಣದವರೆಗೆ ಕೇಳುವುದಿಲ್ಲವೆಂದು ನನ್ನ ಗುಮಾನಿ. ಬ್ರಿಟನ್ನಿನಲ್ಲಿ 29ನೆಯ ಸ್ಥಾನ, ಅಮೆರಿಕದಲ್ಲಿ 40. ಅಂಕಿಗಳಲ್ಲಿ ಇದು ದೊಡ್ಡ ಯಶಸ್ಸಲ್ಲ.

ಅಂಕಿಗಳಲ್ಲಿ ದೊಡ್ಡದಾದದ್ದು ಎರಡು ವರ್ಷದ ನಂತರದ ‘ಡಿಸ್‌ಇಂಟಿಗ್ರೇಷನ್’. ಮೂವತ್ತರ ಹೊಸ್ತಿಲಲ್ಲಿ ನಿಂತಿದ್ದ ಸ್ಮಿತ್, ತಾನಿನ್ನೂ ಗಂಭೀರವಾದದ್ದೇನನ್ನೂ ಮಾಡಿಲ್ಲವೆಂಬ ಭಯದಲ್ಲಿ ಮತ್ತೆ ಕತ್ತಲೆಗೆ ಮರಳಿದ. ಮರಳಿದರೆ, ಆ ಕತ್ತಲೆಯ ಆಲ್ಬಮ್ಮೇ ಲಕ್ಷಗಟ್ಟಲೆ ಮಾರಾಟವಾಯಿತು. ಎರಡು ರಾಶಿಯ ವಾದಕ್ಕೆ ಇದಕ್ಕಿಂತ ದೊಡ್ಡ ತೊಡಕಿಲ್ಲ. ಆಲ್ಬಮ್ಮಿನ ಹೊದಿಕೆಯ ಮೇಲೆ, ಇದನ್ನು ಗಟ್ಟಿಯಾಗಿ ಕೇಳಲೆಂದೇ ಮಿಕ್ಸ್ ಮಾಡಲಾಗಿದೆ, ಆದ್ದರಿಂದ ದನಿ ಹೆಚ್ಚಿಸಿ ಎಂಬ ಅರ್ಥದ ಸೂಚನೆಯಿದೆ. ಮೊದಲ ಹಾಡು ‘ಪ್ಲೇನ್‌ಸಾಂಗ್’ ಗಾಳಿಗಂಟೆಯ ಕಿಣಿಕಿಣಿಯಿಂದ ತೊಡಗಿ, ಒಮ್ಮೆಲೇ ಕೀಬೋರ್ಡಿನ ಪ್ರವಾಹವಾಗಿ ಒಡೆದು, ಎರಡೂವರೆ ನಿಮಿಷ ಹರಿದ ಮೇಲೆ ಸ್ಮಿತ್ ಮಾತಾಡಿದ ಹಾಗೆ ಹಾಡುತ್ತಾನೆ. ಐದು ನಿಮಿಷದ ಹಾಡಿನಲ್ಲಿ ಅರ್ಧಕ್ಕರ್ಧ ಕಾಯುವುದೇ ಆಯಿತು. ಎಪ್ರಿಲ್ ತಿಂಗಳ ಮಧ್ಯಾಹ್ನ ಕರೆಂಟು ಹೋದ ಮನೆಯಲ್ಲಿ, ಸೆಲ್ಲು ಹಾಕಿದ ಟೇಪ್ ರೆಕಾರ್ಡರಿನಲ್ಲಿ ಇದನ್ನು ಕೇಳುವಾಗ, ಇಂಗ್ಲೆಂಡಿನ ಮಳೆಗೆ ಹುಟ್ಟಿದ ಸಂಗೀತ ನಮ್ಮೂರಿನ ಬಿಸಿಲಿಗೆ ಹೊಂದುವುದಿಲ್ಲವೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಅಲುಗದ ಗಾಳಿ, ಎಲ್ಲ ಅಂಗಡಿಗಳ ಅರ್ಧ ಇಳಿದ ಷಟರು, ಮಳೆ ಬರಬಹುದೇನೋ ಎಂಬ ಸಂಶಯ: ಕಾಯುವ ಸಂಗೀತಕ್ಕೆ ಇದಕ್ಕಿಂತ ತಕ್ಕ ಹವಾಮಾನ ಇರಲಾರದು.

‘ಪಿಕ್ಚರ್ಸ್ ಆಫ್ ಯೂ’ ಏಳು ನಿಮಿಷ ಮೀರಿದ ಹಾಡು. ಮನೆಗೆ ಬೆಂಕಿ ಬಿದ್ದ ಮೇಲೆ ಉಳಿದ ವಸ್ತುಗಳ ನಡುವೆ ಹೆಂಡತಿಯ ಫೋಟೋಗಳು ಸಿಕ್ಕಿದ್ದು ಇದಕ್ಕೆ ಪ್ರೇರಣೆ ಎಂದು ಸ್ಮಿತ್ ಹೇಳಿದ್ದಾನೆ. ಎರಡು ನಿಮಿಷದ ಹತ್ತಿರ ಗಿಟಾರುಗಳು ಒಂದರ ಮೇಲೊಂದು ಹೆಣೆದುಕೊಳ್ಳುತ್ತಲೇ ಇರುತ್ತವೆ. ಅವನು ಬಾಯಿ ತೆರೆಯುವ ಹೊತ್ತಿಗೆ, ಹಳೆಯ ಚಿತ್ರಗಳನ್ನು ಬಹಳ ಹೊತ್ತು ನೋಡುತ್ತ ಕುಳಿತವನ ಪಕ್ಕದಲ್ಲಿ ನಾವೂ ಅಷ್ಟೇ ಹೊತ್ತು ಕುಳಿತಿರುತ್ತೇವೆ. ಸಿಂಗಲ್ಲಿಗಾಗಿ, ಅಂದರೆ ಬಿಡಿ ಹಾಡಾಗಿ ಹೊರತರಲು, ಇದನ್ನು ಐದು ನಿಮಿಷದೊಳಕ್ಕೆ ಮೊಟಕುಗೊಳಿಸಿದರು. ಆ ರೂಪವನ್ನು ಕೇಳಿದಾಗ ನನಗೆ ಗುಮಾಸ್ತ ಕಂಡ. ‘ಫ್ಯಾಸಿನೇಷನ್ ಸ್ಟ್ರೀಟ್’ನ ಕಥೆಯೂ ಇಂಥದ್ದೇ. ಗ್ಯಾಲಪ್‌ನ ಗುಡುಗುವ ಬೇಸ್ ಮೇಲೆ ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೀದಿಯೊಂದು ರಾತ್ರಿಗೆ ಸಜ್ಜಾಗುತ್ತದೆ, ಆಮೇಲೆ ಮಾತು. ‘ಲಲಬೈ’ ಮಾತ್ರ ಬೇರೆ ಉಪಾಯ ಹೂಡುತ್ತದೆ: ಅಲ್ಲಿ ದನಿ ಬಂದರೂ ಪೂರ್ತಿ ಬರುವುದಿಲ್ಲ, ಪಿಸುಮಾತಾಗಿಯೇ ಉಳಿಯುತ್ತದೆ. ಮಗುವನ್ನು ತಿನ್ನಲು ಬರುವ ಜೇಡನ ಈ ಜೋಗುಳ ಐದನೆಯ ಸ್ಥಾನ ತಲುಪಿತು. ಬ್ರಿಟನ್ನಿನಲ್ಲಿ ಅವರ ಬೇರಾವ ಹಾಡೂ ಅಷ್ಟು ಮೇಲೆ ಹೋಗಿಲ್ಲ.

‘ಲವ್‌ಸಾಂಗ್’ ಬಗ್ಗೆ ಒಂದು ತಕರಾರು ನನಗೆ ನಾನೇ ಎತ್ತಿಕೊಳ್ಳಬೇಕು, ಏಕೆಂದರೆ ಅದು ನನ್ನ ವಾದಕ್ಕೆ ಒಗ್ಗುವುದಿಲ್ಲ. 1988ರಲ್ಲಿ ಮೇರಿಯನ್ನು ಮದುವೆಯಾದಾಗ ಉಡುಗೊರೆಯಾಗಿ ಬರೆದ ಈ ಹಾಡು ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದಕ್ಕಿಂತ ದೊಡ್ಡ ಜನಪ್ರಿಯತೆ ಅವರಿಗೆ ಅಲ್ಲಿ ಸಿಕ್ಕಿಲ್ಲ. 2011ರ ತನ್ನ ‘21’ ಆಲ್ಬಮ್ಮಿನಲ್ಲಿ ಅಡೆಲ್ ಇದನ್ನು ಹಾಡಿದ ಮೇಲೆ ಮೂಲ ಯಾರದೆಂದೇ ತಿಳಿಯದವರಿಗೂ ಹಾಡು ತಲುಪಿತು. ಇಲ್ಲಿ ತಡವಿಲ್ಲ, ಸುತ್ತಿಲ್ಲ, ಬಳಸಿಲ್ಲ. ದೂರವಿದ್ದರೂ ನಿನ್ನನ್ನೇ ಪ್ರೀತಿಸುತ್ತೇನೆಂಬ ಒಂದೇ ಮಾತನ್ನು ಸರಳ ಪದಗಳಲ್ಲಿ ಹೇಳಿ ಮುಗಿಸುತ್ತಾನೆ. ಆ ಆಲ್ಬಮ್ಮಿನ ದೀರ್ಘ ಹಾಡುಗಳ ನಡುವೆ ಮೂರೂವರೆ ನಿಮಿಷದ ಇದು ಬಂದಾಗ, ಬಹಳ ಹೊತ್ತು ಸುಮ್ಮನಿದ್ದವನು ಒಮ್ಮೆ ನೇರವಾಗಿ ಮಾತಾಡಿದ ಹಾಗಾಗುತ್ತದೆ. ಆದ್ದರಿಂದ ಇದನ್ನು ಬಿಡಿಯಾಗಿ ಕೇಳುವುದಕ್ಕಿಂತ ಅದರ ಜಾಗದಲ್ಲಿಯೇ ಕೇಳುವುದು ಲೇಸು.

‘ಫ್ರೈಡೇ’ ಕೂಡ ಕಾಯಿಸುವುದಿಲ್ಲ ಎಂದು ಯಾರಾದರೂ ಹೇಳಬಹುದು. ಹೌದು, ಆದರೆ ವಾರವಿಡೀ ಕಾಯುವುದೇ ಅದರ ವಸ್ತು. ಸೋಮವಾರದಿಂದ ಗುರುವಾರದವರೆಗಿನ ಬೇಸರವನ್ನು ಒಂದೊಂದೇ ಎಣಿಸಿ ಶುಕ್ರವಾರಕ್ಕೆ ಬರುವ ಆ ರಾಗ ಎಷ್ಟು ಸಲೀಸಾಗಿತ್ತೆಂದರೆ, ತಾನು ಯಾರಿಂದಲೋ ಕದ್ದಿರಬೇಕೆಂಬ ಅನುಮಾನ ಬಂದು ಸ್ಮಿತ್ ಪರಿಚಿತರಿಗೆಲ್ಲ ಕೇಳಿಸಿ ವಿಚಾರಿಸಿದ್ದ. ಯಾರಿಗೂ ಮೂಲ ಸಿಗಲಿಲ್ಲ.

‘ವಿಶ್’ ನಂತರದ ಆಲ್ಬಮ್ಮುಗಳಲ್ಲಿ ನನಗೆ ಅಲ್ಲೊಂದು ಇಲ್ಲೊಂದು ಹಾಡು ಇಷ್ಟ, ಅಷ್ಟೇ. 2008ರ ‘4:13 ಡ್ರೀಮ್’ ಆದ ಮೇಲೆ ಹದಿನಾರು ವರ್ಷ ಹೊಸ ಆಲ್ಬಮ್ಮೇ ಇರಲಿಲ್ಲ. ಅಷ್ಟರಲ್ಲಿ 2019ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾಗಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಯಲ್ಲಿ ಕೊನೆಯ ರಾತ್ರಿ ನುಡಿಸಿದ್ದರು. ಇನ್ನು ಹಳೆಯ ಹಾಡುಗಳೇ ಗತಿ ಎಂದು ನಾನೂ ಅಂದುಕೊಂಡಿದ್ದೆ. 2024ರ ಸೆಪ್ಟೆಂಬರಿನಲ್ಲಿ ‘ಅಲೋನ್’ ಬಂತು. ಅರ್ನೆಸ್ಟ್ ಡೌಸನ್‌ನ ‘ಡ್ರೆಗ್ಸ್’ ಎಂಬ ಕವಿತೆಯಿಂದ ಸ್ಫೂರ್ತಿ ಪಡೆದ ಈ ಹಾಡು ಏಳು ನಿಮಿಷಕ್ಕೆ ಹತ್ತಿರ. ಅದರಲ್ಲಿ ಮೊದಲ ಮೂರು ನಿಮಿಷಕ್ಕೂ ಹೆಚ್ಚು ಕಾಲ ದನಿಯಿಲ್ಲ. ಹದಿನೈದು ಸೆಕೆಂಡಿಗೆ ಹಾಡು ಬದಲಿಸುವ ಕಾಲದಲ್ಲಿ, ಹದಿನಾರು ವರ್ಷ ಕಾಯಿಸಿದವನು ಬಂದು ಇನ್ನೂ ಮೂರು ನಿಮಿಷ ಕಾಯಿ ಎನ್ನುತ್ತಾನೆ. ನವೆಂಬರ್ 1ರಂದು, ನಮ್ಮಲ್ಲಿ ಬಾವುಟ ಹಾರಿಸುವ ದಿನ, ಎಂಟು ಹಾಡುಗಳ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಹೊರಬಂದು, ‘ವಿಶ್’ ಆದ ಮೂವತ್ತೆರಡು ವರ್ಷಕ್ಕೆ ಮತ್ತೆ ಬ್ರಿಟನ್ನಿನ ಮೊದಲ ಸ್ಥಾನ ಪಡೆಯಿತು.

‘ಅಲೋನ್’ ಬಂದ ವಾರ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಶೋಕ ರಸ್ತೆಯ ಕಡೆಯಿಂದ ಬರುತ್ತಿದ್ದೆ. ರೈಲ್ವೆ ಗೇಟು ಹಾಕಿತ್ತು. ಇಯರ್‌ಫೋನಿನ ಒಂದು ತುದಿಯನ್ನು ಅವಳ ಕಿವಿಗೆ ಕೊಟ್ಟು, ಇನ್ನೊಂದನ್ನು ನನ್ನ ಕಿವಿಗೆ ಸಿಕ್ಕಿಸಿಕೊಂಡು ಹಾಡು ಹಾಕಿದೆ. ಡ್ರಮ್ಮು ಒಂದೊಂದೇ ಭಾರದ ಹೆಜ್ಜೆ ಇಡುತ್ತಿತ್ತು, ಕೀಬೋರ್ಡು ಮೋಡದ ಹಾಗೆ ತುಂಬಿಕೊಳ್ಳುತ್ತಿತ್ತು. ‘ಹಾಡು ಯಾವಾಗ ಶುರುವಾಗೋದು?’ ಎಂದು ಅವಳು ಎರಡು ಸಲ ಕೇಳಿದಳು. ಹುಬ್ಬಳ್ಳಿಯ ಕಡೆಯಿಂದ ಸರಕು ರೈಲೊಂದು ಬಂದು, ಡಬ್ಬಿಗಳನ್ನು ಅವಳು ಎಣಿಸಿ ಮುಗಿಸುವಷ್ಟರಲ್ಲಿ ದಾಟಿಹೋಯಿತು. ಗೇಟು ಮೇಲೆದ್ದಾಗ ರಾಬರ್ಟ್ ಸ್ಮಿತ್ ಇನ್ನೂ ಬಾಯಿ ತೆರೆದಿರಲಿಲ್ಲ.